ಇಟ್ಟಿಗೆ ಬಣ್ಣದ ಕಡೆ

"ಸೊನ್ನೆ ಬಿಡಬೇಡ," ಆ ಕಡೆಯ ಗೋಡೆಯಿಂದ ಅತ್ತಿಗೆಯ ದನಿ ಬಂತು. "ಒತ್ತಿ ಹಿಡ್ಕೋ."

"ಒತ್ತೇ ಹಿಡ್ಕೊಂಡಿದೀನಿ. ಇನ್ನೂ ಒತ್ತಿದ್ರೆ ಗೋಡೆ ಪಕ್ಕದ ಮನೆಗೆ ಹೋಗುತ್ತೆ."

"ಹೀಗೇ ಹೇಳಿ ಆ ಹಲ್ಲಿನ ಡಾಕ್ಟರ ಕಿಟಕಿಗೆ ಮೊಣಕಾಲುದ್ದದ ಪರದೆ ಹೊಲಿಸಿದೆ ನೀನು."

"ಅದು ಹದಿನೇಳು ವರ್ಷದ ಹಿಂದಿನ ಮಾತು ಅತ್ತಿಗೆ. ಆ ಡಾಕ್ಟರಿಗೇ ಈಗ ಹಲ್ಲಿಲ್ಲ."

ಸೂಜಿ ಮುಂಗೋಣೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಟೇಪಿನ ಹಿತ್ತಾಳೆ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದಳು. ಅಲ್ಲಿಂದ ಟೇಪು ಎರಡು ಹೊಲಿಗೆ ಯಂತ್ರಗಳ ಕಾಲುಗಳ ನಡುವೆ ನುಸುಳಿ, ಕತ್ತರಿಸಿಟ್ಟ ಬಟ್ಟೆಯ ರಾಶಿಯನ್ನು ಬಳಸಿ ಅತ್ತಿಗೆಯ ಕೈ ಸೇರಿತ್ತು. ಅತ್ತಿಗೆ ಕನ್ನಡಕವನ್ನು ಹಣೆಗೇರಿಸಿ ಅಂಕಿ ಓದಿದಳು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಬರೆಯುವ ಮುಂಚೆ ಅವಳ ತುಟಿ ಒಮ್ಮೆ ಅಲುಗಿತು. ಯಾವ ಮನೆಯಲ್ಲಿ ಯಾವ ಗೋಡೆ ಅಳೆದರೂ ಅದು ಹಾಗೆ ಅಲುಗುತ್ತಿತ್ತು. ಸೂಜಿ ಅದನ್ನು ನೋಡುವುದನ್ನು ಯಾವತ್ತೋ ಬಿಟ್ಟಿದ್ದಳು.

ಟೇಪು ತೀರಿಹೋದ ಅಣ್ಣನದು. ಚರ್ಮದ ಡಬ್ಬಿಯ ಮೇಲೆ ಅವನ ಹೆಬ್ಬೆರಳು ಕೂರುತ್ತಿದ್ದ ಜಾಗ ಸವೆದು ಹೊಳಪಾಗಿತ್ತು. ಪರದೆಗಳಿಗೆ ಕಂಬಿ ಹೊಡೆಯುವುದು ಅವನ ಕೆಲಸ, ಹೊಲಿಯುವುದು ಅವನ ಹೆಂಡತಿಯದು. ಇಪ್ಪತ್ತರ ಹರೆಯದಲ್ಲಿ ತಂಗಿ ಒಂದು ಟ್ರಂಕು ಹಿಡಿದು ಅವರ ಮನೆಗೆ ಬಂದಳು. ಬೆಳಕಿಗೆ ಹಿಡಿದರೆ ಕಾಣುವುದಿಲ್ಲ, ಅಷ್ಟು ತೆಳ್ಳಗಿದ್ದಾಳೆ ಎಂದು ಅಣ್ಣ ಅವಳಿಗೆ 'ಸೂಜಿ' ಎಂದು ಹೆಸರಿಟ್ಟ. ಈಗ ಅವಳಿಗೆ ಐವತ್ತಮೂರು, ಮೆಟ್ಟಿಲು ಹತ್ತುವಾಗ ಏದುಸಿರು. ಆದರೂ ಬೀದಿಗೆಲ್ಲ ಅವಳು ಸೂಜಿಯೇ.

ಮೂರು ದಿನದ ಕೆಳಗೆ ಮನೆ ಯಜಮಾನರು ಮೆಟ್ಟಿಲು ಹತ್ತಿ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರದೆ, ಮಹಡಿ ಮಾರುತ್ತಿದ್ದೇನೆ, ಮೂವತ್ತಮೂರು ವರ್ಷದಿಂದ ಬಾಡಿಗೆಗಿದ್ದೀರಿ, ಮೊದಲು ನಿಮ್ಮ ಕಿವಿಗೆ ಹಾಕುತ್ತಿದ್ದೇನೆ ಎಂದರು. ಕೆಳಗಿನ ಅಂಗಡಿಯನ್ನು ಗಡಿಯಾರ ರಿಪೇರಿಯವನು ಆಗಲೇ ಕೊಂಡಾಗಿತ್ತು. ಅತ್ತಿಗೆ, ಸೂಜಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳೆದೂ ಸುರಿದೂ ಕೂರುವ ವ್ಯವಹಾರವೇ ಅಲ್ಲ ಅದು. ಇಬ್ಬರೂ ಸಮಸಮ ಹಾಕುವುದು ಎಂದು ಯಜಮಾನರು ಮೆಟ್ಟಿಲು ಇಳಿಯುವುದರೊಳಗೆ ತೀರ್ಮಾನವಾಯಿತು. ಬೇರೆ ಏನನ್ನಾದರೂ ತೀರ್ಮಾನಿಸಬೇಕಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

*

ದಸ್ತಾವೇಜು ಬರೆಯುವವರ ಕೋಣೆ ನೋಂದಣಿ ಕಚೇರಿಯ ಎದುರಿಗಿತ್ತು. ತಗಡಿನ ಸೂರು, ಒಂದು ಮೇಜು, ಎರಡು ಸ್ಟೂಲು, ಗೋಡೆಯುದ್ದಕ್ಕೂ ಹಳೇ ಕರಡುಗಳ ಕಟ್ಟು.

"ಕೂತ್ಕೊಳ್ಳಿ. ಸ್ಟೂಲು ಮುರಿಯಲ್ಲ, ಅಲ್ಲಾಡುತ್ತೆ ಅಷ್ಟೆ." ಅವರು ಯಜಮಾನರ ಹಳೇ ಪತ್ರವನ್ನು ಒಂದು ಕೈಯಲ್ಲೂ ಅತ್ತಿಗೆ ಅಳೆದು ಬರೆದ ಚೀಟಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಬಹಳ ಹೊತ್ತು ನೋಡಿದರು. ಹುಬ್ಬು ಗಂಟಿಕ್ಕಿತು. ಅಂಕಿಗಳನ್ನು ಮತ್ತೆ ಕೂಡಿದರು.

"ಅಮ್ಮಾ, ಪತ್ರದ ಪ್ರಕಾರ ನಿಮ್ಮ ಮನೆ ಈ ತುದಿಯಿಂದ ಆ ತುದಿಗೆ ಮೂವತ್ತನಾಲ್ಕು ಅಡಿ. ನಿಮ್ಮ ಚೀಟೀಲಿ ಮೂರು ಕೋಣೆ ಸೇರಿದ್ರೆ ಮೂವತ್ತಾರೂವರೆ. ಗೋಡೆ ದಪ್ಪ ಇನ್ನೂ ಹಿಡಿದಿಲ್ಲ. ಅಂದ್ರೆ ನಿಮ್ಮ ಅಡುಗೆಮನೆ ಎರಡೂವರೆ ಅಡಿ ಬೀದಿ ಮೇಲೆ ತೂಗಾಡ್ತಾ ಇದೆ. ಹಾಲು ಉಕ್ಕಿಸಬೇಡಿ, ಕೆಳಗೆ ಜನ ಓಡಾಡ್ತಾರೆ."

"ಟೇಪು ಸರಿಯಾಗಿದೆ," ಎಂದಳು ಅತ್ತಿಗೆ, ಮರ್ಯಾದೆಗೆ ಪೆಟ್ಟು ಬಿದ್ದವಳಂತೆ.

"ಸೊನ್ನೆ ನಾನೇ ಹಿಡ್ಕೊಂಡಿದ್ದೆ," ಎಂದಳು ಸೂಜಿ.

ಆಗ ಅವಳಿಗೆ ಅತ್ತಿಗೆಯ ತುಟಿ ನೆನಪಾಯಿತು. ಈ ಕಡೆ ಒಂದು ಗೇಣು, ಆ ಕಡೆ ಒಂದು ಗೇಣು. ಕಿಟಕಿಯಷ್ಟೇ ಅಗಲದ ಪರದೆ ಹೊಲಿದರೆ ಎರಡೂ ಬದಿಯಿಂದ ಬಿಸಿಲು ಇಣುಕುತ್ತದೆ. ಅದಕ್ಕೆ ಅಳತೆಗೆ ಎರಡು ಗೇಣು ಸೇರಿಸಿಯೇ ಬರೆಯುವುದು ಎಂದು ಅಣ್ಣ ಇಬ್ಬರಿಗೂ ಹೇಳಿಕೊಟ್ಟಿದ್ದ. ಅತ್ತಿಗೆ ಕೋಣೆಗಳಿಗೂ ಸೇರಿಸಿಬಿಟ್ಟಿದ್ದಳು. ಇಡೀ ಮನೆಗೆ ಪರದೆ ಹೊಲಿಯುವವಳಂತೆ.

ಸೂಜಿ ಅದನ್ನು ಹೇಳಿದಾಗ ದಸ್ತಾವೇಜಿನವರು ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅತ್ತಿಗೆಯೂ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅದಕ್ಕೇ ಇರ್ಬೇಕು," ಎಂದಳು, "ಒಳಗಿದ್ದಾಗ ಯಾವತ್ತೂ ಇಕ್ಕಟ್ಟು ಅನ್ನಿಸಲಿಲ್ಲ."

"ಅದಿರಲಿ," ದಸ್ತಾವೇಜಿನವರು ಹೊಸ ಹಾಳೆ ಎಳೆದುಕೊಂಡರು. "ಈಗ ಹೇಳಿ. ಹೇಗೆ ಬರೀಲಿ?"

"ನಮ್ಮಿಬ್ಬರ ಹೆಸರಿಗೆ ಬರೀರಿ."

"ಇಬ್ಬರ ಹೆಸರಿಗೆ ಅಂದ್ರೆ ಮುಗೀಲಿಲ್ಲ ಅಮ್ಮಾ. ಅಲ್ಲಿಂದ ಶುರು. ಜನ ಗೋಡೆ ತಟ್ಟಿ ನೋಡ್ತಾರೆ, ನಲ್ಲಿ ತಿರುಗಿಸಿ ನೋಡ್ತಾರೆ. ಕೊಂಡ್ಕೊಂಡಿದ್ದು ಯಾವ ಥರಾ ನಮ್ಮದಾಗುತ್ತೆ ಅಂತ ಮಾತ್ರ ಕೇಳಲ್ಲ. ಮೊದಲು ನೆಲ. ಮಹಡಿ ಕೊಂಡ್ಕೊಳ್ತಿದೀರಿ, ನೆಲ ಕೆಳಗಿದೆ. ಅದನ್ನ ಕತ್ತರೀಲಿ ಭಾಗ ಮಾಡೋಕಾಗಲ್ಲ. ಗಡಿಯಾರದವರ ಜೊತೆ ನಿಮಗೂ ಅದರಲ್ಲಿ ಪಾಲಿದೆ, ಮೆಟ್ಟಿಲಲ್ಲೂ ಇದೆ ಅಂತ ನಾನು ಬರೀತೀನಿ. ಅದು ಬರೆಸ್ದೆ ಮಹಡಿ ತಗೊಂಡು ಏಣಿ ಹಾಕ್ಕೊಂಡು ಹತ್ತಿದೋರನ್ನ ನೋಡಿದೀನಿ."

ಅವರು ತಮ್ಮ ಮುಂದಿದ್ದ ಎರಡು ಚಹಾ ಲೋಟಗಳಲ್ಲಿ ಒಂದನ್ನು ದೂರ ಸರಿಸಿದರು.

"ಇನ್ನು ನೀವು. ಒಬ್ಬರ ಹೆಸರಿಗೇ ಮಾಡಿಸಿದ್ರೆ ಒಬ್ಬರದ್ದು. ಇನ್ನೊಬ್ಬರು ಎಷ್ಟು ವರ್ಷ ಗುಡಿಸಿ ಒರೆಸಿದ್ರೂ ಕಾಗದದ ಕಣ್ಣಿಗೆ ನೆಂಟರು. ಅದು ಬೇಡ ಅಂದ್ರೆ, ಒಬ್ಬರ ಹೆಸರಿಗೆ ಬರೆದು ಇನ್ನೊಬ್ಬರಿಗೆ ಜೀವ ಇರೋ ತನಕ ವಾಸದ ಹಕ್ಕು ಕೊಡಬಹುದು. ಇರಬಹುದು, ಮಾರೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ."

"ಬಾಡಿಗೆ ಇಲ್ಲದ ಬಾಡಿಗೆದಾರಳು," ಎಂದಳು ಸೂಜಿ.

"ಸರಿಯಾಗಿ ಹೇಳಿದ್ರಿ." ಅವರು ಎರಡೂ ಲೋಟಗಳನ್ನು ಪಕ್ಕಪಕ್ಕ ಇಟ್ಟರು. "ಇಬ್ಬರೂ ಸಮ ಅಂದ್ರೆ ಎರಡು ದಾರಿ. ಒಂದು, ಪಾಲು. ಈ ಅರ್ಧ ಇವರದು, ಆ ಅರ್ಧ ಅವರದು. ಗೆರೆ ಎಳೆಯೋದಿಲ್ಲ, ಆದ್ರೆ ಅರ್ಧ ಅರ್ಧವೇ. ಅವರವರ ಕಾಲಾನಂತರ ಅವರವರು ಹೇಳಿದೋರಿಗೆ ಹೋಗುತ್ತೆ. ಎರಡನೇದು, ಪೂರ್ತಿ ಜಂಟಿ." ಒಂದು ಲೋಟದ ಚಹಾವನ್ನು ಇನ್ನೊಂದಕ್ಕೆ ಸುರಿದರು. ಲೋಟ ಅಂಚಿನವರೆಗೆ ತುಂಬಿತು. "ಯಾರದೆಷ್ಟು ಅನ್ನೋ ಪ್ರಶ್ನೆನೇ ಇಲ್ಲ. ಒಬ್ಬರು ಹೋದ್ರೆ ಪೂರ್ತಿ ಉಳಿದವರದ್ದು. ಮಕ್ಕಳು ಮರಿ ಯಾರೂ ಕೇಳೋ ಹಾಗಿಲ್ಲ. ಗಂಡ ಹೆಂಡತಿ ಬಹಳ ಇಷ್ಟಪಟ್ಟು ಬರೆಸ್ತಾರೆ. ಕೇಳೋಕೆ ಚಂದ. ಆದ್ರೆ ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ಬೈಬೇಡಿ. ಅದರಲ್ಲಿ ಒಬ್ಬರ ಸಾವು ಇನ್ನೊಬ್ಬರಿಗೆ ಲಾಭ."

ಚಹಾ ಕುಡಿಯಲು ಯಾರೂ ಕೈ ಚಾಚಲಿಲ್ಲ.

ಅವರದೊಂದು ಪದ್ಧತಿಯಿತ್ತು. ಇಬ್ಬರು ಸೇರಿ ಕೊಳ್ಳಲು ಬಂದರೆ ಒಬ್ಬರನ್ನು ಹೊರಗೆ ಕೂರಿಸಿ ಇನ್ನೊಬ್ಬರನ್ನು ಎರಡು ಪ್ರಶ್ನೆ ಕೇಳುವುದು, ಉತ್ತರವನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದು ಮಡಿಸಿಡುವುದು, ಆಮೇಲೆ ಇಬ್ಬರ ಮುಂದೆ ಬಿಚ್ಚುವುದು. "ಎದುರುಬದುರು ಕೂತ್ರೆ ಎಲ್ಲಾ ದೇವತೆಗಳೇ," ಎಂದರು. "ನಿಜ ಹೇಳೋಕೆ ಒಂದು ಬಾಗಿಲಾದ್ರೂ ಅಡ್ಡ ಬೇಕು."

ಸೂಜಿಯ ಸರದಿ ಬಂತು.

"ನೀವು ಮೊದಲು ಹೋದ್ರೆ ಮನೆ ಯಾರಿಗೆ?"

"ಎಲ್ಲಾ ಅತ್ತಿಗೆಗೆ. ಇನ್ಯಾರಿಗೆ?"

"ಅವರು ಮೊದಲು ಹೋದ್ರೆ?"

ಸೂಜಿ ಮೇಜಿನ ಮೇಲಿದ್ದ ತುಂಬಿದ ಲೋಟವನ್ನು ನೋಡಿದಳು. "ಅವಳು ಹೋಗಲ್ಲ," ಎಂದಳು.

ಅವರು ಅದನ್ನೂ ಹಾಗೇ ಬರೆದುಕೊಂಡರು.

ಚೀಟಿಗಳನ್ನು ಬಿಚ್ಚಿ ಅವರು ಒಂದೇ ದನಿಯಲ್ಲಿ ಓದಿದರು. ಸೂಜಿಯದು ಮೊದಲು. ಅತ್ತಿಗೆ ನೆಲ ನೋಡುತ್ತ ಕೂತಳು. ಆಮೇಲೆ ಅತ್ತಿಗೆಯದು: "ನಾನು ಮೊದಲು ಹೋದರೆ ನನ್ನರ್ಧ ನನ್ನ ಮಗನಿಗೆ. ಸೂಜಿ ಮೊದಲು ಹೋದರೆ ಅವಳರ್ಧ ಅವಳು ಯಾರಿಗೆ ಹೇಳುತ್ತಾಳೋ ಅವರಿಗೆ. ಅದನ್ನು ಕೇಳುವುದಕ್ಕೆ ನಾನ್ಯಾರು?"

ಕೊನೆಯ ಮಾತು ಸೂಜಿಯ ಎದೆಗೆ ಚುಚ್ಚಿತು. ನಾನ್ಯಾರು. ಒಂದೇ ಒಲೆ, ಒಂದೇ ಬೀಗದ ಕೈ, ಒಂದೇ ಡಬ್ಬಿಯ ಗುಂಡಿಗಳು. ನಾನ್ಯಾರು ಅಂತೆ.

"ಗುರುವಾರ ನೋಂದಣಿ," ಎಂದರು ದಸ್ತಾವೇಜಿನವರು. "ಅಷ್ಟರೊಳಗೆ ಇಬ್ಬರೂ ಒಂದು ಮಾತಿಗೆ ಬನ್ನಿ. ಬರದಿದ್ರೆ ನನ್ನ ಪೆನ್ನು ಓಡಲ್ಲ. ಯಜಮಾನರಿಗೆ ಬೇರೆ ಗಿರಾಕಿನೂ ಇದಾರೆ, ಗೊತ್ತಿರಲಿ."

*

ಮರುದಿನ ಮಧ್ಯಾಹ್ನದವರೆಗೆ ಎರಡು ಯಂತ್ರಗಳು ಮಾತ್ರ ಮಾತಾಡಿದವು. ಒಂದು ನಿಂತರೆ ಇನ್ನೊಂದು ಓಡುವುದು.

"ತಿಂದ್ಯಾ?" ಅತ್ತಿಗೆ ಕೇಳಿದಳು.

"ನೀವು ತಿನ್ನಿ. ನನಗೆ ಹಸಿವಿಲ್ಲ."

'ನೀವು' ಎಂದದ್ದು ಇಬ್ಬರಿಗೂ ಕೇಳಿಸಿತು. ಅಣ್ಣ ತೀರಿಹೋದ ವರ್ಷ ಆ ಮಾತು ಅವರಿಬ್ಬರ ನಡುವಿನಿಂದ ಹೊರಗೆ ಹೋಗಿತ್ತು. ಅತ್ತಿಗೆ ಚೀಲ ಹಿಡಿದು ನೂಲು ತರಲು ಹೊರಟಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಇಳಿದು ಹೋಯಿತು.

ಸೂಜಿ ನಡುಮನೆಯ ಟ್ರಂಕಿನ ಮುಂದೆ ಕೂತಳು. ಯಾಕೆ ತೆರೆದೆ ಎಂದು ಯಾರಾದರೂ ಕೇಳಿದ್ದರೆ ಹುಳ ಹಿಡಿದಿದೆಯೇ ನೋಡಲು ಎನ್ನುತ್ತಿದ್ದಳು. ಎಲ್ಲಕ್ಕಿಂತ ಅಡಿಯಲ್ಲಿ ಆ ಪರದೆ ಇತ್ತು.

ಅವಳು ಈ ಮನೆಗೆ ಬಂದ ವಾರವೇ ಅಣ್ಣ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಕಂಬಿ ಹೊಡೆದಿದ್ದ. ಅತ್ತಿಗೆ ಎರಡು ಮುಖದ ಪರದೆ ಹೊಲಿದಳು. ಗಂಡ ಹೆಂಡತಿಯ ಕಡೆಗೆ ಹಸಿರು, ನಾದಿನಿಯ ಕಡೆಗೆ ಇಟ್ಟಿಗೆ ಬಣ್ಣ. ಅಂಗಡಿಯೊಂದು ಬೇಡವೆಂದು ವಾಪಸು ಕಳಿಸಿದ ಬಟ್ಟೆ ಅದು, ಆದರೆ ಸೂಜಿಯ ಪಾಲಿಗೆ ಅಂಥ ಬಣ್ಣ ಲೋಕದಲ್ಲಿ ಇನ್ನೊಂದಿರಲಿಲ್ಲ. ಬೆಳಗ್ಗೆ ಪೂರ್ವದ ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಅವಳ ಹಾಸಿಗೆ, ಗೋಡೆಯ ಮೊಳೆಗೆ ತೂಗಿದ ಎರಡು ಸೀರೆ, ಕೈಗನ್ನಡಿ, ಎಲ್ಲವೂ ಬೆಚ್ಚಗೆ ಕೆಂಪಗೆ ಕಾಣುತ್ತಿದ್ದವು. ಪರದೆಯ ಆಚೆ ಅಣ್ಣ ಗೊರಕೆ ಹೊಡೆಯುತ್ತಿದ್ದ. ಅತ್ತಿಗೆ ಪಿಸುಗುಟ್ಟಿ ಬೈಯುತ್ತಿದ್ದಳು. ಅವನು ನಿದ್ದೆಯಲ್ಲೇ "ಅಳತೆ ಬರ್ಕೋ" ಎನ್ನುತ್ತಿದ್ದ. ಇಬ್ಬರು ಹೆಂಗಸರೂ ಆಚೆ ಈಚೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಪರದೆ ಅಲುಗುತ್ತಿತ್ತು.

ಮೂರನೆಯ ವರ್ಷ ಮಗು ಹುಟ್ಟಿತು. ಅದಕ್ಕೆ ಆರು ತುಂಬಿದಾಗ ಅಣ್ಣನಿಗೆ ಜ್ವರ ಬಂತು, ಒಂದೇ ವಾರ. ಅದಾದ ಮೇಲೊಂದು ಬೆಳಗ್ಗೆ ಅತ್ತಿಗೆ ಸ್ಟೂಲು ಹತ್ತಿ ಕಂಬಿಯಿಂದ ಉಂಗುರಗಳನ್ನು ಒಂದೊಂದಾಗಿ ಬಿಡಿಸಿದಳು. "ಇನ್ನಿದ್ಯಾಕೆ ಸೂಜಿ," ಎಂದಳು. "ಯಾರಿಂದ ಯಾರು ಮರೆ?" ಅಂದಿನಿಂದ ನಡುಮನೆ ಒಂದೇ ಆಯಿತು. ಇಬ್ಬರೂ ಅದನ್ನು ಒಳ್ಳೆಯದೆಂದೇ ನಂಬಿದ್ದರು.

"ಅತ್ತೆ, ಬಾಗಿಲು ತೆರೆದೇ ಇದೆ," ಎನ್ನುತ್ತ ಅತ್ತಿಗೆಯ ಮಗ ಒಳಗೆ ಬಂದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಮೂವತ್ತಕ್ಕೇ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ಎರಡು ಬೀದಿ ಆಚೆ ಹೆಂಡತಿ ಮಗಳ ಜೊತೆ ಇದ್ದ. ಬಂದವನು ನಿಂತೇ ಇದ್ದ.

"ಅಮ್ಮ ಎಲ್ಲಾ ಹೇಳಿದ್ಲು. ನಾನು ಏನೂ ಕೇಳಿಲ್ಲ ಅತ್ತೆ. ಆಣೆ ಮಾಡ್ತೀನಿ ಬೇಕಾದ್ರೆ."

"ನೀನು ಕೇಳಿದೀಯ ಅಂತ ಯಾರಂದ್ರು? ಕೂತ್ಕೋ. ಕುತ್ತಿಗೆ ನೋಯುತ್ತೆ ನನಗೆ, ಹೀಗೆ ಮೇಲೆ ನೋಡಿದ್ರೆ."

ಅವನು ಕೂತ. ಅವಳ ಮಡಿಲಲ್ಲಿದ್ದ ಬಟ್ಟೆಯನ್ನು ಕಂಡು ಕಣ್ಣು ಕಿರಿದು ಮಾಡಿದ. ಅಂಚು ಹಿಡಿದು ಎಳೆದುಕೊಂಡು ಕೆಳಗಿನ ಮೂಲೆಯಲ್ಲಿ ಏನನ್ನೋ ಹುಡುಕಿದ. ಸಿಕ್ಕಿತು. ಹಸಿರಿಂದ ಇಟ್ಟಿಗೆ ಬಣ್ಣದವರೆಗೆ ತೂರಿದ ಒಂದು ತೂತು, ಸುತ್ತಲೂ ಹಳೇ ತೇಪೆ.

"ಇದರಡಿಯಿಂದ ನಾನು ತಪ್ಪಿಸ್ಕೊಂಡು ಬರ್ತಿದ್ದೆ."

"ಇಲಿ ಥರ."

"ಅಲ್ಲಿ ಏನಾದ್ರೂ ಒಡೆದ್ರೆ ಇಲ್ಲಿ ಓಡಿ ಬರೋದು. ಇಲ್ಲಿಗೆ ಬಂದ್ಮೇಲೆ ಅಮ್ಮ ಹೊಡೀತಿರಲಿಲ್ಲ ಅತ್ತೆ. ಆ ಕಡೇಲೇ ನಿಂತ್ಕೊಂಡು ಕೇಳೋಳು."

"ಏನಂತ?"

"ಮರೆತ್ಬಿಟ್ರಾ? 'ಬರ್ಲಾ ಸೂಜಿ?' ಅಂತ. ನೀವು 'ಈಗ ಬೇಡ, ಅವನು ಮಲಗಿದಾನೆ' ಅಂತಿದ್ರಿ. ನಾನು ನಿಮ್ಮ ತೊಡೆ ಮೇಲೆ ಕಣ್ಣು ಬಿಟ್ಕೊಂಡೇ ಮಲಗಿರ್ತಿದ್ದೆ. ಅವಳಿಗೆ ಗೊತ್ತಿರ್ತಿತ್ತು. ಆದ್ರೂ ಬರ್ತಿರಲಿಲ್ಲ."

ಸೂಜಿ ಮರೆತಿದ್ದಳು. ಗೊರಕೆ, ಬೆಳಕು, ನಗು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಳು, ಇದೊಂದನ್ನು ಬಿಟ್ಟು. ಬಟ್ಟೆಯ ಒಂದು ಪದರ, ಬೆರಳಲ್ಲಿ ಸರಿಸಿದರೆ ಸರಿಯುವಂಥದ್ದು. ಅದರ ಮುಂದೆ ಈ ಮನೆಯ ಹಿರಿಯಳು, ಒಲೆಯ ಒಡತಿ, ಕೋಪದಿಂದ ಉರಿಯುತ್ತಿದ್ದರೂ ನಿಂತು ಕೇಳುತ್ತಿದ್ದಳು. ಬರ್ಲಾ? ಒಂಬತ್ತು ವರ್ಷ ಒಂದು ಸಲವೂ ಕೇಳದೆ ಬರಲಿಲ್ಲ. ಪರದೆ ಇಳಿದ ಮೇಲೆ, ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ, ಕೇಳುವ ಪ್ರಸಂಗವೇ ಬಂದಿಲ್ಲ.

ಅದನ್ನು ಕೇಳುವುದಕ್ಕೆ ನಾನ್ಯಾರು. ಅತ್ತಿಗೆಯ ಚೀಟಿಯ ಆ ಮಾತು ಈಗ ಬೇರೆ ದನಿಯಲ್ಲಿ ಕೇಳಿಸಿತು. ಪರದೆಯ ಆಚೆಯಿಂದ ಬಂದ ಹಾಗೆ.

"ಅತ್ತೆ, ಪೂರ್ತಿ ನಿಮಗೇ ಬಂದ್ರೂ ನಂಗೇನೂ ಇಲ್ಲ," ಹುಡುಗ ಮತ್ತೆ ಶುರು ಮಾಡಿದ.

"ನೀನು ಸುಮ್ನಿರು. ಈ ಅಂಚು ಬಿಚ್ಚಿದೆ, ಆ ಡಬ್ಬಿ ಕೊಡು. ಕಂದು ನೂಲು."

*

ಗುರುವಾರದ ಹೊತ್ತಿಗೆ ದಸ್ತಾವೇಜಿನವರು ಅಳತೆಯನ್ನು ತಾವೇ ಬಂದು ಕಬ್ಬಿಣದ ಟೇಪಿನಲ್ಲಿ ತೆಗೆದು ಸರಿಪಡಿಸಿದ್ದರು. ಮನೆ ಮತ್ತೆ ಮೂವತ್ತನಾಲ್ಕು ಅಡಿಯಾಗಿ ಕಾಗದದ ಮೇಲೆ ಕೂತಿತ್ತು. ನೆಲದ ಪಾಲು, ಮೆಟ್ಟಿಲ ಪಾಲು ಬರೆದಾಗಿತ್ತು. ಒಂದು ಸಾಲಿನ ಜಾಗ ಮಾತ್ರ ಖಾಲಿ.

"ಹೇಳಿ," ಎಂದರು ಪೆನ್ನಿನ ಮುಚ್ಚಳ ತೆಗೆದು.

ಅತ್ತಿಗೆ ಸ್ಟೂಲಿನ ಮೇಲೆ ಮುಂದಕ್ಕೆ ಸರಿದಳು. ಒಂದೇ ಉಸಿರಿಗೆ ಹೇಳಿಬಿಟ್ಟಳು. "ಪೂರ್ತಿ ಜಂಟಿ ಅಂತ ಬರೀರಿ. ಉಳಿದವರಿಗೆ ಎಲ್ಲಾ. ಮೊನ್ನೆ ನಾನು ಹೇಳಿದ್ದು ಬೇಡ, ಹರಿದು ಹಾಕಿ. ಮಗನ ಹತ್ರ ಮಾತಾಡಿದೀನಿ. ಅವನಿಗೆ ದುಡಿಯೋ ಕೈ ಇದೆ, ಇವಳಿಗೆ ನಾನು ಬಿಟ್ರೆ ಯಾರಿದಾರೆ?"

ಹೇಳಿ ಸೂಜಿಯ ಕಡೆ ತಿರುಗಿದಳು. ಎರಡು ರಾತ್ರಿ ನಿದ್ದೆ ಕಾಣದ ಕಣ್ಣು. ಆ ಮುಖದಲ್ಲಿ ಏನೋ ದೊಡ್ಡದನ್ನು ಎತ್ತಿ ಕೊಟ್ಟ ಆಯಾಸವಿತ್ತು, ತೆಗೆದುಕೋ ಎಂಬ ಬೇಡಿಕೆಯೂ ಇತ್ತು.

ದಸ್ತಾವೇಜಿನವರು ಪೆನ್ನು ಹಾಳೆಗೆ ತಾಗಿಸಿದರು.

"ಬೇಡ," ಎಂದಳು ಸೂಜಿ.

ಪೆನ್ನು ನಿಂತಿತು.

"ಬೇಡ ಅಂದ್ರೆ ಏನೇ?" ಅತ್ತಿಗೆಗೆ ನಂಬಿಕೆಯಾಗಲಿಲ್ಲ. "ನೀನೇ ತಾನೆ ಹೇಳಿದ್ದು, ಎಲ್ಲಾ ಒಬ್ಬರಿಂದ ಇನ್ನೊಬ್ಬರಿಗೆ ಅಂತ?"

"ಹೇಳಿದ್ದೆ. ನೀನು ಹೋಗಲ್ಲ ಅಂತನೂ ಹೇಳಿದ್ದೆ. ಬುದ್ಧಿ ಇರಲಿಲ್ಲ."

'ನೀನು' ಬಂದದ್ದು ಅತ್ತಿಗೆಯ ಮುಖದಲ್ಲಿ ಕಂಡಿತು. ಆದರೂ ಪಟ್ಟು ಬಿಡಲಿಲ್ಲ. "ಕೋಪ ಇದ್ರೆ ಮನೇಲಿ ಬೈ. ಇಲ್ಲಿ ಹಟ ಮಾಡಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ನಾನು. ಪೂರ್ತಿ ಮನೆ ಕಣೇ."

"ಕೋಪ ಇಲ್ಲ." ಸೂಜಿ ದಸ್ತಾವೇಜಿನವರ ಕಡೆ ನೋಡಿದಳು. "ಅರ್ಧ ಅವಳದು ಅಂತ ಬರೀರಿ. ಅರ್ಧ ನನ್ನದು ಅಂತ ಬರೀರಿ. ನನ್ನದು ಅನ್ನೋದನ್ನ ಸ್ವಲ್ಪ ದಪ್ಪಗೆ ಬರೀರಿ. ನನ್ನದು ಅಂತ ಒಂದು ಕಡೆ ಇದ್ರೆ ತಾನೆ ಇವಳು 'ಬರ್ಲಾ ಸೂಜಿ' ಅಂತ ಕೇಳೋದು."

"ಒಂದ್ಸಲ ಯೋಚನೆ ಮಾಡು ಸೂಜಿ. ನಾನು ಕೊಡ್ತೀನಿ ಅಂತಿದೀನಿ."

ಹೊರಗೆ ನೋಂದಣಿ ಕಚೇರಿಯ ಜವಾನ ಯಾರದೋ ಹೆಸರು ಕೂಗುತ್ತಿದ್ದ. ದಸ್ತಾವೇಜಿನವರು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದರು, ಪೆನ್ನನ್ನು ಖಾಲಿ ಸಾಲಿನ ಮೇಲೆ ಹಿಡಿದುಕೊಂಡೇ. ಸೂಜಿ ಅತ್ತಿಗೆಯ ಕೈ ಹಿಡಿದುಕೊಂಡಳು, ಬೆರಳ ತುದಿಯ ಗಟ್ಟಿ ಚರ್ಮವನ್ನು ತನ್ನ ಬೆರಳ ಗಟ್ಟಿ ಚರ್ಮದಿಂದ ಒತ್ತಿದಳು. ಮತ್ತೆ ಕಡ್ಡಿ ಮುರಿದ ಹಾಗೆ ಹೇಳಿದಳು.

"ಬೇಡ."